ಕಾಣದ ಗೆಳೆಯರೂ ಗೆಳೆಯರೇ

ನನ್ನ ಮೇಲೆ ಊರಲ್ಲಿ ಮೂರು ದೂರು ಇವೆ. ಒಂದು, ಈ ಮುದುಕಿ ಮುಖ ಕಾಣದ ಜನರ ಜೊತೆ ಫೋನಿನಲ್ಲಿ ಸ್ನೇಹ ಮಾಡಿಕೊಂಡಿದಾಳೆ, ಅದು ಸುಳ್ಳು ಸ್ನೇಹ. ಎರಡು, ಮನೆದೇವರನ್ನು ಬಿಟ್ಟು ಬುದ್ಧನ ಹಿಂದೆ ಹೋಗಿದಾಳೆ, ಬುದ್ಧ ನಮ್ಮವನಲ್ಲ, 'ಅವರ' ದೇವರು. ಮೂರು, ಅದನ್ನೆಲ್ಲ ತಂದು ಓದುಮನೆಯೊಳಗೆ ತುಂಬಬೇಕು ಅಂತ ಹಟ ಹಿಡಿದಿದಾಳೆ. ದೂರು ಹೇಳುವವರು ನನ್ನ ಎದುರಿಗೆ ಹೇಳೋದಿಲ್ಲ. ಮಡೆ ಹತ್ತಿರ ನೀರು ತಿರುಗಿಸುವಾಗ ಹೇಳ್ತಾರೆ, ಟೀ ಅಂಗಡಿ ಬೆಂಚಿನ ಮೇಲೆ ಹೇಳ್ತಾರೆ. ಹಾಗಾಗಿ ನಾನು ಉತ್ತರವನ್ನು ಅಚ್ಚಿನಲ್ಲೇ ಕೊಡ್ತೀನಿ. ಓದೋಕೆ ಬರದವರಿಗೆ ಓದೋಕೆ ಬರುವವರು ಗಟ್ಟಿಯಾಗಿ ಓದಿ ಹೇಳಿ. ಕೇಳಿದ ಮೇಲೆ ಬೈಯಬೇಕು ಅನಿಸಿದರೆ ಮನೆಗೆ ಬಂದು ಬೈಯಿರಿ, ಮಜ್ಜಿಗೆ ಕೊಡ್ತೀನಿ.

ನಾನು ಓದಿದ್ದು ಏಳನೇ ಕ್ಲಾಸು, ಅದೂ ತಮಿಳಿನಲ್ಲಿ. ಈ ಕಂಬಂ ಕಣಿವೆಯಲ್ಲಿ ನಮ್ಮ ಒಕ್ಕಲಿಗರ ಮನೆಗಳಲ್ಲಿ ಆಡೋದು ಕನ್ನಡ, ಬರೆಯೋದು ತಮಿಳು. ತಮಿಳರು ನಮ್ಮನ್ನು ಕಾಪಿಲಿಯರ್ ಅಂತಾರೆ. ನಮ್ಮ ಅಜ್ಜಿಯರು ಕನ್ನಡದಲ್ಲಿ ಹಾಡಿದರು, ಕನ್ನಡದಲ್ಲಿ ಅತ್ತರು, ಆದರೆ ಒಂದು ಕನ್ನಡ ಅಕ್ಷರ ಕಾಣದೆ ಮಣ್ಣಿಗೆ ಹೋದರು. ನನಗೂ ಅರವತ್ತರವರೆಗೆ ಅದೇ ಗತಿ. ಆಮೇಲೆ ಕಲಿತೆ. ಕಲಿಸಿದ್ದು ಯಾರು ಗೊತ್ತಾ? ಚಾಮರಾಜನಗರದ ಕಡೆಯ ಒಬ್ಬ ರಿಟೈರಾದ ಮೇಷ್ಟರು. ನಾನು ಅವರ ಮನೆ ಹೊಸ್ತಿಲು ತುಳಿದಿಲ್ಲ, ಅವರು ನಮ್ಮೂರ ಬಸ್ಸು ಹತ್ತಿಲ್ಲ. ದಿನಕ್ಕೆ ಮೂರು ಅಕ್ಷರ ಬರೆದು ಫೋಟೋ ತೆಗೆದು ಫೋನಿಗೆ ಕಳಿಸೋರು. ನಾನು ಸ್ಲೇಟಿನಲ್ಲಿ ತಿದ್ದಿ ವಾಪಸ್ ಕಳಿಸ್ತಿದ್ದೆ. ಈಗ ನೀವು ಓದ್ತಾ ಇರೋ ಈ ಸಾಲುಗಳು ಆ 'ಸುಳ್ಳು ಸ್ನೇಹ'ದ ಬೆಳೆ. ಸುಳ್ಳು ಬಿತ್ತಿದರೆ ಇಂಥ ಪೈರು ಬರುತ್ತಾ, ನೀವೇ ಹೇಳಿ.

ಆ ಫೋನಿನ ಕೂಟ ಅಂದರೆ ಏನು ಅಂತ ಮೊದಲು ಹೇಳಿಬಿಡ್ತೀನಿ, ಯಾಕಂದರೆ ಊರಲ್ಲಿ ಅದಕ್ಕೆ ಕೈಕಾಲು ಕೊಂಬು ಎಲ್ಲ ಹಚ್ಚಿದಾರೆ. ಕೊರೋನಾ ಕಾಲದಲ್ಲಿ ಸ್ಕೂಲು ಮುಚ್ಚಿ ಮಕ್ಕಳ ಪಾಠ ಫೋನಿಗೆ ಬಂತಲ್ಲ, ಆಗ ಮೊಮ್ಮಗಳಿಗೆ ಅಂತ ತಂದ ಫೋನು ಸಂಜೆ ನನ್ನ ಕೈಗೆ ಬರುತ್ತಿತ್ತು. ಪದಗಳನ್ನು ಕೇಳ್ತಾ ಕೇಳ್ತಾ ಒಂದು ಕೂಟ ಸಿಕ್ಕಿತು. ಭಾನುವಾರ ಸಂಜೆ ಏಳರಿಂದ ಎಂಟು. ಇಪ್ಪತ್ತು ಇಪ್ಪತ್ತೈದು ಜನ. ಕೋಲಾರದ ಚಿನ್ನದ ಗಣಿಯ ಒಬ್ಬ ವಿಧವೆ, ಬೆಂಗಳೂರಿನ ಆಟೋ ಓಡಿಸುವವರು, ಕಲಬುರಗಿಯಿಂದ ಮಸ್ಕತ್‌ಗೆ ದುಡಿಯೋಕೆ ಹೋದ ನರ್ಸಮ್ಮ, ನಾನು ಹೇಳಿದ ಮೇಷ್ಟರು. ಯಾರಾದರೂ ಒಬ್ಬರು ಬುದ್ಧನ ಕಾಲದ ಒಂದು ಕಥೆ ಓದ್ತಾರೆ. ಹತ್ತು ನಿಮಿಷ ಎಲ್ಲರೂ ಸುಮ್ಮನೆ ಕೂರ್ತೀವಿ. ಆಮೇಲೆ ಆ ವಾರ ತನಗೆ ಎಲ್ಲಿ ಸಿಟ್ಟು ಬಂತು, ಎಲ್ಲಿ ಆಸೆ ಬಂತು, ಯಾರ ಮೇಲೆ ಹೊಟ್ಟೆಕಿಚ್ಚು ಬಂತು ಅಂತ ಒಬ್ಬೊಬ್ಬರೇ ಹೇಳಿಕೊಳ್ತಾರೆ. ಉಳಿದವರು ಕೇಳ್ತಾರೆ. ಅಷ್ಟೇ. ಕಾಣಿಕೆ ಇಲ್ಲ, ರಸೀದಿ ಇಲ್ಲ, ಅಧ್ಯಕ್ಷರು ಇಲ್ಲ, ಶಾಲು ಹೊದಿಸೋದಿಲ್ಲ.

ಈಗ ಮೊದಲನೇ ದೂರು. ಮುಖ ಕಾಣದ ಸ್ನೇಹ ಸ್ನೇಹವಲ್ಲ ಅಂತೀರಿ. ಸರಿ, ಜನವರಿ 15 ಬಂದರೆ ನೀವು ಏನು ಮಾಡ್ತೀರಿ? ಪೆನ್ನಿಕ್ವಿಕ್ ದೊರೆಯ ಹುಟ್ಟಿದ ದಿನ ಅಂತ ಪೊಂಗಲ್ ಇಡ್ತೀರಿ. ಅವರ ಪಟಕ್ಕೆ ಹಾರ ಹಾಕ್ತೀರಿ. ಕೆಲವರ ಮನೆಯಲ್ಲಿ ದೇವರ ಪಟಗಳ ಸಾಲಿನಲ್ಲೇ ಅವರ ಪಟವೂ ಇದೆ. ನಮ್ಮಲ್ಲಿ ಯಾರು ಅವರನ್ನು ಕಂಡಿದ್ದೀವಿ? ಅವರು ಬಿಳಿಯರು, ಬೇರೆ ಧರ್ಮದವರು, ಮುಲ್ಲೈಪೆರಿಯಾರ್ ಅಣೆಕಟ್ಟು ಮುಗಿಸಿದ್ದು 1895ರಲ್ಲಿ. ಪಡುವಣಕ್ಕೆ ಹರಿಯುತ್ತಿದ್ದ ನೀರನ್ನು ಬೆಟ್ಟ ಕೊರೆದು ಮೂಡಣಕ್ಕೆ ತಿರುಗಿಸಿದರು. ಆ ನೀರಿನಿಂದ ಈ ಕಣಿವೆಯಲ್ಲಿ 14,707 ಎಕರೆ ಗದ್ದೆ ಎರಡು ಬೆಳೆ ಕಾಣುತ್ತೆ. ನಾವು ಉಣ್ಣುವ ಅನ್ನದಲ್ಲಿ ಅವರ ಋಣ ಇದೆ ಅಂತ ನಾವೆಲ್ಲ ಒಪ್ತೀವಿ. ಕಾಣದವರ ಉಪಕಾರವನ್ನು ನೂರ ಮೂವತ್ತು ವರ್ಷ ಆದರೂ ನೆನೆಯೋ ಜನ ನಾವು. ಹಾಗಿದ್ದ ಮೇಲೆ, ಇವತ್ತು ಉಸಿರಾಡ್ತಾ ಇರೋ, ನಾನು ಮಾತಾಡಿದರೆ ತಿರುಗಿ ಮಾತಾಡೋ ಮನುಷ್ಯರನ್ನು 'ಕಾಣದವರು' ಅಂತ ತಳ್ಳೋದು ಯಾವ ನ್ಯಾಯ?

ಕೊಡೈಕೆನಾಲ್ ರೇಡಿಯೋ ಕೇಳದ ಹೊಲ ಈ ಕಡೆ ಇದೆಯಾ? ಕಳೆ ಕೀಳುವಾಗ ಬದುವಿನ ಮೇಲೆ ರೇಡಿಯೋ ಇಟ್ಟುಕೊಂಡು, ಅದರೊಳಗಿನ ದನಿಯನ್ನು ಮನೆಯವರ ದನಿ ಅನ್ನೋ ಹಾಗೆ ಕೇಳ್ತೀವಿ. ಆ ದನಿ ಸುಳ್ಳು ಅಂತ ಯಾರೂ ಹೇಳಿಲ್ಲ. ಇನ್ನು ಬುದ್ಧನ ಮಾತು ಕೇಳಿದ ಶಿಷ್ಯರಿಗೆ ಹಳಬರು ಇಟ್ಟ ಹೆಸರೇ ಶ್ರಾವಕ, ಅಂದರೆ ಕೇಳಿದವನು. ನೋಡಿದವನು ಅಂತ ಇಡಲಿಲ್ಲ. ಹಾಡುವವಳಾಗಿ ನಾನು ಒಂದು ಮಾತು ಹೇಳ್ತೀನಿ: ಮುಖ ಮೋಸ ಮಾಡಬಹುದು, ದನಿ ಅಷ್ಟು ಸುಲಭಕ್ಕೆ ಮೋಸ ಮಾಡೋದಿಲ್ಲ. ನಲವತ್ತು ವರ್ಷ ಮದುವೆ ಮನೆಯಲ್ಲಿ ಸೋಬಾನೆ, ಸಾವಿನ ಮನೆಯಲ್ಲಿ ಅಳುವ ಪದ ಹಾಡಿದೀನಿ. ನಗೋ ಮುಖದ ಹಿಂದೆ ಅಳೋ ದನಿ ಇರೋದು ನನಗೆ ತಿಳಿಯುತ್ತೆ.

ದೂರದವರು ಸೇರಿ ಧರ್ಮದ ಗೆಳೆತನ ಮಾಡೋದು ಫೋನು ಬಂದ ಮೇಲೆ ಹುಟ್ಟಿದ ಹುಚ್ಚಲ್ಲ. ಮೇಷ್ಟ್ರುಗಳು ಇದನ್ನು ಮಕ್ಕಳಿಗೂ ಹೇಳಬೇಕು. ಮದ್ರಾಸಿನಲ್ಲಿ ಅಯೋತಿದಾಸ ಪಂಡಿತರು ಅಂತ ಇದ್ದರು, ನಾಟಿ ವೈದ್ಯರು, ದಲಿತರ ಹಿರಿಯರು. 1898ರಲ್ಲಿ ಸಿಲೋನಿಗೆ ಹೋಗಿ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದು ಶಾಕ್ಯ ಬೌದ್ಧ ಸಂಘ ಕಟ್ಟಿದರು. 1907ರಲ್ಲಿ ಒಂದು ಪತ್ರಿಕೆ ಶುರು ಮಾಡಿದರು. ಬೆಲೆ ಕಾಲಾಣೆ, ಅಂದರೆ ಒಂದು ಪೈಸೆ. ಹೆಸರೇ 'ಒರು ಪೈಸಾ ತಮಿಳನ್'. ಕೋಲಾರದ ಚಿನ್ನದ ಗಣಿಯಲ್ಲಿ, ಮಾರಿಕುಪ್ಪಂನಲ್ಲಿ, ಬೆಂಗಳೂರಿನಲ್ಲಿ, ಕಡಲಾಚೆ ರಂಗೂನಿನಲ್ಲಿ ಕೂಲಿ ಮಾಡ್ತಿದ್ದ ಜನ ಆ ಪತ್ರಿಕೆಗೆ ಪ್ರಶ್ನೆ ಬರೆದು ಕಳಿಸೋರು, ಪಂಡಿತರು ಅದರಲ್ಲೇ ಉತ್ತರ ಕೊಡೋರು. ಭೂಮಿಯ ಹೊಟ್ಟೆಯೊಳಗೆ ಇಳಿದು ಬಂಡೆ ಒಡೆದು ಮೇಲೆ ಬಂದವರು ದೀಪದ ಬೆಳಕಿನಲ್ಲಿ ಆ ಪತ್ರಿಕೆಯನ್ನು ಗಟ್ಟಿಯಾಗಿ ಓದಿಸಿ ಕೇಳಿದರು. ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ. ಆದರೂ ಅವರು ಒಂದು ಸಂಘ ಆದರು. ಪಂಡಿತರು 1914ರಲ್ಲಿ ತೀರಿಕೊಂಡರು. ಮುಂದೆ ಅದೇ ಗಣಿಯ ಜನ ಆ ಪತ್ರಿಕೆಗೆ ಮತ್ತೆ ಜೀವ ಕೊಟ್ಟು ನಡೆಸಿದರು. ಸತ್ತ ಗೆಳೆಯನ ಕೆಲಸವನ್ನು ಎತ್ತಿಕೊಂಡು ನಡೆಯುವವರಿಗಿಂತ ದೊಡ್ಡ ಗೆಳೆಯರು ಯಾರು? ಅಂದಿನ ಒಂದು ಪೈಸೆಯ ಕಾಗದ ಮಾಡಿದ ಕೆಲಸವನ್ನೇ ಇಂದು ಫೋನು ಮಾಡ್ತಾ ಇದೆ. ಕಾಗದಕ್ಕೆ ಒಂದು ನ್ಯಾಯ, ಫೋನಿಗೆ ಒಂದು ನ್ಯಾಯ ಬೇಡ.

ಫೋನಿನಲ್ಲಿ ಮೋಸ ಇಲ್ಲವಾ ಅಂತ ಕೇಳ್ತೀರಿ. ಇದೆ. ಬೇಕಾದಷ್ಟಿದೆ. ಬುದ್ಧನ ಚಿತ್ರ ಹಾಕಿಕೊಂಡು ದುಡ್ಡು ಕೇಳುವವರು ಇದಾರೆ, ಧ್ಯಾನ ಮಾಡಿದರೆ ಸಕ್ಕರೆ ಕಾಯಿಲೆ ಹೋಗುತ್ತೆ ಅಂತ ಸುಳ್ಳು ಹೇಳುವವರಿದಾರೆ, ಬೆಳಗ್ಗೆ ಶಾಂತಿಯ ಮಾತು ಕಳಿಸಿ ಸಂಜೆ ಇನ್ನೊಬ್ಬರ ಧರ್ಮವನ್ನು ಬೈಯುವವರಿದಾರೆ. ಆದರೆ ಸ್ವಾಮಿ, ಮೋಸ ಸಂತೆಯಲ್ಲಿ ಇಲ್ಲವಾ? ದ್ರಾಕ್ಷಿ ಚಪ್ಪರದ ಕೆಳಗೆ ನಿಂತು ಕಣ್ಣಲ್ಲಿ ಕಣ್ಣಿಟ್ಟು ರೇಟು ಮಾತಾಡಿ, ಕೊಯ್ಲು ದಿನ ಬಾರದೆ ಹೋದ ದಲಾಲಿಗೆ ಮುಖ ಇರಲಿಲ್ಲವಾ? ಅದಕ್ಕೆ ಗೆಳೆಯನನ್ನು ಅಳೆಯೋ ಕೋಲು ಬೇರೆ ಬೇಕು. ಆ ಕೋಲನ್ನು ಬುದ್ಧ ಸಿಗಾಲ ಅನ್ನೋ ಒಬ್ಬ ಗೃಹಸ್ಥನ ಮಗನಿಗೆ ಕೊಟ್ಟಿದಾನೆ. ನಾಲ್ಕು ಜನ ಗೆಳೆಯರ ವೇಷದ ಹಗೆಗಳು: ಬರೀ ಕಿತ್ತುಕೊಳ್ಳುವವನು, ಬರೀ ಬಾಯಿ ಮಾತಿನವನು, ಮುಂದೆ ಹೊಗಳಿ ಹಿಂದೆ ತೆಗಳುವವನು, ಹಾಳಾಗೋ ದಾರಿಗೆ ಜೊತೆ ಬರುವವನು. ನಾಲ್ಕು ಜನ ನಿಜವಾದವರು: ಕೈ ಹಿಡಿಯುವವನು, ಸುಖಕ್ಕೂ ದುಃಖಕ್ಕೂ ಒಂದೇ ಥರ ಇರುವವನು, ಒಳ್ಳೇದು ಯಾವುದು ಅಂತ ತೋರಿಸುವವನು, ಮರುಗುವವನು. ನಾನು ಈ ಕೋಲನ್ನು ಫೋನಿನ ಗೆಳೆಯರಿಗೂ ಹಿಡಿದೆ, ಊರಿನ ಗೆಳೆಯರಿಗೂ ಹಿಡಿದೆ. ಎರಡು ಕಡೆಯೂ ಜೊಳ್ಳು ಇತ್ತು, ಎರಡು ಕಡೆಯೂ ಕಾಳು ಇತ್ತು.

ಕಾಳು ಯಾವುದು ಅಂತ ಒಂದು ಸಂಗತಿ ಹೇಳ್ತೀನಿ. 2021ರ ಮೇ ತಿಂಗಳಲ್ಲಿ ನನ್ನ ತಮ್ಮ ಹೋದ. ಮೂಟೆ ಕಟ್ಟಿದ ಹಾಗೆ ಕಟ್ಟಿ ತಂದು ನೇರವಾಗಿ ಸುಡುಗಾಡಿಗೆ ಒಯ್ದರು. ಮನೆಗೆ ಯಾರೂ ಬರೋ ಹಾಗಿರಲಿಲ್ಲ. ಊರಿನವರ ಸಾವಿಗೆಲ್ಲ ಹಾಡಿದ ನಾನು ಒಡಹುಟ್ಟಿದವನಿಗೆ ಹಾಡೋಕೆ ಆಗಲಿಲ್ಲ. ಒಬ್ಬಳೇ ಕೂತು ಅಳುವ ಪದ ಹಾಡೋಕೆ ಬರೋದಿಲ್ಲ. ಒಬ್ಬಳು ಎತ್ತಬೇಕು, ನಾಲ್ಕು ಜನ ಹೆಗಲಿಗೆ ಹೆಗಲು ಕೊಟ್ಟು ಹಿಡಿಯಬೇಕು, ಆಗಲೇ ಅದು ಪದ. ಆ ಭಾನುವಾರ ಕೂಟದಲ್ಲಿ ನಾನು ಬಾಯಿ ಬಿಡಲಿಲ್ಲ. ಕೋಲಾರದ ಆ ಅಕ್ಕ ನನ್ನ ಮೌನವನ್ನು ಗುರುತಿಸಿದರು. ರಾತ್ರಿ ಹತ್ತಕ್ಕೆ ಫೋನು ಮಾಡಿ, 'ಹಾಡವ್ವ, ನಾನು ಹಿಡೀತೀನಿ' ಅಂದರು. ಅವರದು ತಮಿಳು, ನಂದು ಕನ್ನಡ, ಇಬ್ಬರದೂ ಅರ್ಧ ಅರ್ಧ. ನಾನು ಎತ್ತಿದೆ, ಅವರು ಹಿಡಿದರು. ರಾತ್ರಿ ಒಂದು ಗಂಟೆವರೆಗೆ. ಯಾವ ಉಪದೇಶವೂ ಹೇಳಲಿಲ್ಲ. ಮೂರು ವಾರ ಆದ ಮೇಲೆ ಕಿಸಾಗೋತಮಿಯ ಕಥೆ ಓದಿದರು. ಸತ್ತ ಮಗುವನ್ನು ಎತ್ತಿಕೊಂಡು ಮದ್ದು ಕೇಳಿ ಬಂದವಳಿಗೆ ಬುದ್ಧ, ಸಾವಿಲ್ಲದ ಮನೆಯಿಂದ ಸಾಸಿವೆ ತಾ ಅಂದ ಕಥೆ. ಅವಳು ಮನೆ ಮನೆ ಅಲೆದಳು, ಸಾಸಿವೆ ಎಲ್ಲರ ಮನೆಯಲ್ಲೂ ಇತ್ತು, ಸಾವೂ ಇತ್ತು. ಮೊದಲ ದಿನವೇ ಈ ಕಥೆ ಹೇಳಿದ್ದರೆ ನಾನು ಫೋನು ಬಿಸಾಡ್ತಿದ್ದೆ. ಯಾವಾಗ ಹಾಡಿಗೆ ದನಿ ಕೊಡಬೇಕು, ಯಾವಾಗ ಕಥೆ ಹೇಳಬೇಕು ಅನ್ನೋದು ಗೊತ್ತಿರೋದಕ್ಕೇ ಗೆಳೆತನ ಅಂತ ಹೆಸರು.

ಬುದ್ಧನ ಜೊತೆಗಿದ್ದ ಆನಂದ ಒಂದು ಸಲ, ಒಳ್ಳೆಯ ಗೆಳೆತನ ಧರ್ಮದ ಅರ್ಧ ಭಾಗ ಅಂದನಂತೆ. ಬುದ್ಧ ಅದನ್ನು ತಡೆದು, ಅರ್ಧ ಅಲ್ಲ, ಅದೇ ಪೂರ್ತಿ ಅಂದನಂತೆ. ಅಂಥ ಗೆಳೆಯನಿಗೆ ಕಲ್ಯಾಣಮಿತ್ರ ಅಂತ ಹೆಸರು. ದೊಡ್ಡ ದೊಡ್ಡ ಪಂಡಿತರು ಈ ಮಾತಿಗೆ ಏನೇನು ಅರ್ಥ ಹೇಳ್ತಾರೋ. ನನ್ನ ಒಕ್ಕಲುತನದ ಬುದ್ಧಿಗೆ ಇದು ಹೀಗೆ ತಿಳಿದಿದೆ: ದ್ರಾಕ್ಷಿ ಬಳ್ಳಿಗೆ ಜೀವ ಬೇರಿನಲ್ಲಿದೆ, ಆದರೆ ಚಪ್ಪರ ಇಲ್ಲದೆ ಅದು ನೆಲದ ಮೇಲೆ ಹರಡಿ ಕೊಳೆಯುತ್ತೆ. ಚಪ್ಪರ ಹಣ್ಣು ಬಿಡೋದಿಲ್ಲ, ಚಪ್ಪರ ಇಲ್ಲದೆ ಹಣ್ಣೂ ನಿಲ್ಲೋದಿಲ್ಲ.

ಇನ್ನು ಎರಡನೇ ದೂರು, ಬುದ್ಧ ನಮ್ಮವನಲ್ಲ ಅನ್ನೋದು. ಈ ಕಣಿವೆಯಲ್ಲಿ 'ನಮ್ಮದು' ಅನ್ನೋದು ಏನಿದೆ ಅಂತ ಎಣಿಸೋಣ ಬನ್ನಿ. ನೀರು ಬೆಟ್ಟದ ಆಚೆಯದು. ಕಂಬಂ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಸರ್ಕಾರದ ಭೌಗೋಳಿಕ ಗುರುತು ಸಿಕ್ಕಿತು ಅಂತ ಎಲ್ಲರೂ ಎದೆ ಉಬ್ಬಿಸಿದಿರಿ. ಆ ಬಳ್ಳಿಯನ್ನು ಈ ಸೀಮೆಗೆ ತಂದದ್ದು ಒಬ್ಬ ಫ್ರೆಂಚ್ ಪಾದ್ರಿ ಅಂತ ನೀವೇ ಹೇಳ್ತೀರಿ. ಮಾತು ಕನ್ನಡ, ಅದೂ ಕರ್ನಾಟಕದಿಂದ ನಮ್ಮ ಹಿರಿಯರ ಬಾಯಲ್ಲಿ ನಡೆದು ಬಂದದ್ದು. ಇಷ್ಟೆಲ್ಲ ಹೊರಗಿನದನ್ನು ನಮ್ಮದು ಮಾಡಿಕೊಂಡವರಿಗೆ ಬುದ್ಧ ಒಬ್ಬನೇ ಯಾಕೆ ಹೊರಗಿನವನು ಆದ? ಹಾಗೆ ನೋಡಿದರೆ ಅವನು ನಮಗಿಂತ ಮೊದಲೇ ಈ ಸೀಮೆಗೆ ಬಂದಿದಾನೆ. 'ಮಣಿಮೇಕಲೈ' ಅನ್ನೋ ತಮಿಳು ಬೌದ್ಧ ಕಾವ್ಯ ಬರೆದ ಸಾತ್ತನಾರ್ ಮದುರೆಯ ದವಸದ ವ್ಯಾಪಾರಿ ಅಂತ ಹೇಳಿಕೆ ಇದೆ. ಹಸಿದವರಿಗೆಲ್ಲ ಅನ್ನ ಇಕ್ಕಿದರೂ ಬರಿದಾಗದ ಪಾತ್ರೆ ಹಿಡಿದ ಹೆಣ್ಣಿನ ಕಥೆ ಅದು. ದವಸ ಅಳೆದ ಕೈಗೆ ಅಂಥ ಕಥೆ ಹೊಳೆಯೋದು ಸಹಜ. ನಮ್ಮ ಉತ್ತಮಪಾಳ್ಯದ ಬಂಡೆಯ ಮೇಲೆ ಸಾವಿರ ವರ್ಷದ ಹಿಂದೆ ಕೆತ್ತಿದ ಜೈನ ತೀರ್ಥಂಕರರು ಕೂತಿದಾರೆ. ನಾವು ಬರೋಕೆ ಮುಂಚೆಯೇ ಈ ಕಣಿವೆ ಹತ್ತು ಥರದ ದಾರಿ ಕಂಡಿದೆ. ಇತ್ತ ಕನ್ನಡ ನಾಡಿನಲ್ಲೂ ಮಸ್ಕಿ, ಬ್ರಹ್ಮಗಿರಿ, ಸನ್ನತಿಯಲ್ಲಿ ಅಶೋಕನ ಶಾಸನಗಳಿವೆ. ಅಪ್ಪನ ಕಡೆಯಿಂದಲೂ ನೆಂಟ, ಅಮ್ಮನ ಕಡೆಯಿಂದಲೂ ನೆಂಟ ಅನ್ನೋ ಹಾಗೆ, ತಮಿಳಿನಿಂದ ನೋಡಿದರೂ ಬುದ್ಧ ನಮ್ಮ ನೆಂಟನೇ, ಕನ್ನಡದಿಂದ ನೋಡಿದರೂ ನೆಂಟನೇ.

ಮನೆದೇವರನ್ನು ಬಿಟ್ಟೆ ಅನ್ನೋದೂ ಸುಳ್ಳು. ಮಾಟ್ಟು ಪೊಂಗಲ್ ದಿನ ಕಂಬಂನ ನಂದಗೋಪಾಲಸ್ವಾಮಿ ತಂಬಿರಾನ್ ತೊಳುವಿಗೆ ಹೋಗಿ ದೇವರ ದನಗಳಿಗೆ ಕೈ ಮುಗೀತೀನಿ, ಹುಲ್ಲು ಕಾಣಿಕೆ ಕೊಡ್ತೀನಿ. ಒಂದು ಒಳ್ಳೇದನ್ನು ಹಿಡಿಯೋಕೆ ಇನ್ನೊಂದನ್ನು ಬಿಸಾಡಲೇಬೇಕು ಅನ್ನೋದು ಅಂಗಡಿಯವರ ಲೆಕ್ಕ. ಇಲ್ಲೇ ಪಕ್ಕದ ದಿಂಡುಗಲ್ ಜಿಲ್ಲೆಯಲ್ಲಿ, ಕೊಡೈಕೆನಾಲ್ ದಾರಿಯ ಪೆರುಮಾಳ್‌ಮಲೆಯಲ್ಲಿ, ಬೋಧಿ ಝೆಂಡೋ ಅಂತ ಒಂದು ಧ್ಯಾನದ ಮನೆ ಇದೆ. 1996ರಲ್ಲಿ ಅದನ್ನು ಕಟ್ಟಿದವರು ಆಮಾ ಸಾಮಿ ಅನ್ನೋ ಕ್ರೈಸ್ತ ಪಾದ್ರಿ. ಜಪಾನಿಗೆ ಹೋಗಿ ಬೌದ್ಧ ಗುರುವಿನ ಹತ್ತಿರ ಝೆನ್ ಕಲಿತು ಬಂದರು, ಯೇಸುವನ್ನೂ ಬಿಡಲಿಲ್ಲ. ದಿಂಡುಗಲ್ ಪಕ್ಕ ಗಾಂಧಿಗ್ರಾಮದ ಕಡೆ ವಿಪಸ್ಸನ ಕೇಂದ್ರ ಇದೆ. ಅಲ್ಲಿ ಹತ್ತು ದಿನ ಮಾತಿಲ್ಲದೆ ಕೂರಬೇಕು. ಫೋನು ಬಾಗಿಲಲ್ಲೇ ಕೊಟ್ಟು ಒಳಗೆ ಹೋಗಬೇಕು. ಶುಲ್ಕ ಇಲ್ಲ, ಮುಂಚೆ ಕೂತು ಹೋದವರು ಕೊಟ್ಟ ದಾನದಲ್ಲಿ ನಡೆಯುತ್ತೆ. ನೀನು ಯಾವ ಜಾತಿ, ಯಾವ ಧರ್ಮ ಅಂತ ಆಯ್ದು ಒಳಗೆ ಬಿಡೋದಿಲ್ಲ. ದೂರದ ದೇಶದವರು ವಿಮಾನ ಹತ್ತಿ ನಮ್ಮ ಬೆಟ್ಟಕ್ಕೆ ಬಂದು ಕೂರ್ತಾರೆ. ನಾವು ಮಾತ್ರ ಬೆಟ್ಟದ ಬುಡದಲ್ಲಿ ನಿಂತು, ಬುದ್ಧ ಯಾವ ಜಾತಿ ಅಂತ ಕೇಳ್ತಾ ಇದೀವಿ.

ಈಗ ಮುಚ್ಚುಮರೆ ಬಿಟ್ಟು ಹೇಳ್ತೀನಿ. 'ಬುದ್ಧ ಅವರ ದೇವರು' ಅನ್ನೋ ಮಾತಿನಲ್ಲಿ ನಿಮಗೆ ತೊಡಕು ಇರೋದು ಬುದ್ಧನಲ್ಲಿ ಅಲ್ಲ, 'ಅವರು' ಅನ್ನೋದರಲ್ಲಿ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರ್ ಅವರು ಲಕ್ಷಾಂತರ ಜನರ ಜೊತೆ ಬೌದ್ಧ ದೀಕ್ಷೆ ತೆಗೆದುಕೊಂಡರು. ಅಲ್ಲಿಂದ ನಮ್ಮ ಮೇಲ್ಜಾತಿಯವರ ಕಣ್ಣಿಗೆ ಬುದ್ಧನೂ ಕೇರಿಯವನಾದ. ಎರಡೂವರೆ ಸಾವಿರ ವರ್ಷ ದೊಡ್ಡವನಾಗಿದ್ದವನು ಬಡವರ ಮನೆಯಲ್ಲಿ ಕೂತ ತಕ್ಷಣ ಚಿಕ್ಕವನಾದನಾ?

ಎರಡು ವರ್ಷದ ಹಿಂದೆ ಕೋಲಾರದ ಆ ಅಕ್ಕ ರೈಲು ಹತ್ತಿ, ಬಸ್ಸು ಬದಲಾಯಿಸಿ ನನ್ನನ್ನು ನೋಡೋಕೆ ಬಂದರು. ಅವರ ಯಜಮಾನರು ಗಣಿಯಲ್ಲಿ ದುಡಿದು, 2001ರಲ್ಲಿ ಗಣಿ ಮುಚ್ಚಿದ ಮೇಲೆ ಕೆಮ್ಮಿ ಕೆಮ್ಮಿ ಸತ್ತವರು. ಒಂಟಿ ಹೆಣ್ಣು ಅಷ್ಟು ದೂರ ಬಂದಿದಾರೆ. ನಮ್ಮ ಮನೆಯಲ್ಲಿ ಅವತ್ತು ಹಿಟ್ಟು, ಅವರೆಕಾಳು ಸಾರು. ಉಣ್ಣೋಕೆ ಕೂತಾಗ ನಮ್ಮ ನೆಂಟರೊಬ್ಬರು ಊರು ಕೇಳಿದರು, ಹೇಳಿದರು. ಕೆಲಸ ಕೇಳಿದರು, ಹೇಳಿದರು. ಆಮೇಲೆ 'ಯಾವ ಜನ?' ಅಂದರು. ಅಕ್ಕ ಅದನ್ನೂ ಹೇಳಿದರು, ತಲೆ ತಗ್ಗಿಸದೆ. ನೆಂಟರು ಹೊಟ್ಟೆ ಸರಿಯಿಲ್ಲ ಅಂತ ಎಲೆ ಬಿಟ್ಟು ಎದ್ದರು. ನಾನು ಅವರನ್ನು ಕರೆಯಲಿಲ್ಲ. ಅವರ ಎಲೆಯನ್ನು ಎತ್ತಿ ದನಕ್ಕೆ ಹಾಕಿ, ಅಕ್ಕನ ಪಕ್ಕ ಕೂತು ಉಂಡೆ. ಮುಖ ಕಾಣೋ ಸ್ನೇಹ ದೊಡ್ಡದು ಅಂತೀರಲ್ಲ, ಆ ನೆಂಟರು ನನ್ನ ಮುಖವನ್ನು ಐವತ್ತು ವರ್ಷದಿಂದ ಕಂಡವರು. ಎರಡರಲ್ಲಿ ಯಾವುದು ಸುಳ್ಳು ಸ್ನೇಹ, ಈಗ ಹೇಳಿ.

ಊರವರಿಗೆ ಮಾತ್ರ ಹೇಳಿ ಫೋನಿನವರನ್ನು ಬಿಟ್ಟರೆ ನ್ಯಾಯ ಆಗೋದಿಲ್ಲ. ನಮ್ಮ ಕೂಟದಲ್ಲೂ ಕೆಲವರು, 'ಇಲ್ಲಿ ಜಾತಿ ಮಾತು ಬೇಡ, ಇಲ್ಲಿ ಎಲ್ಲರೂ ಒಂದೇ' ಅಂತಾರೆ. ಅದನ್ನು ಹೇಳೋದು ಯಾವಾಗಲೂ ಜಾತಿಯಿಂದ ಏಟು ತಿನ್ನದವರೇ. ಅಕ್ಕ ಒಂದು ದಿನ ಅವರಿಗೆ ಹೇಳಿದರು: 'ನೀವು ಕೇಳೋದಿಲ್ಲ, ಯಾಕಂದರೆ ನಿಮಗೆ ಅದರ ಗರಜು ಇಲ್ಲ. ನಾನು ಹೇಳೋದಿಲ್ಲ, ಯಾಕಂದರೆ ನನಗೆ ಭಯ. ಇದನ್ನು ಒಂದೇ ಅಂತಾರಾ?' ಇಡೀ ಕೂಟ ಸುಮ್ಮನಾಯಿತು. ಹೆಸರಿನ ಬಾಲ ಮುಚ್ಚಿಟ್ಟು, ಚಿತ್ರದ ಬದಲು ಕಮಲದ ಹೂವು ಹಾಕಿಕೊಂಡು ಸಿಗುವ ಸಮಾನತೆ ಮೋಡದ ನೆರಳಿದ್ದ ಹಾಗೆ. ನಡೆಯುವಾಗ ತಂಪು, ಕೂರೋಕೆ ಆಗೋದಿಲ್ಲ. ಬುದ್ಧ ಹಾಗೆ ಮುಚ್ಚಿಡಲಿಲ್ಲ. ಶಾಕ್ಯರ ರಾಜಕುಮಾರರು ಸಂಘಕ್ಕೆ ಸೇರೋಕೆ ಬಂದಾಗ ಜೊತೆಗೆ ಅವರ ಕ್ಷೌರಿಕ ಉಪಾಲಿಯೂ ಬಂದ. ಮೊದಲು ಉಪಾಲಿಗೇ ದೀಕ್ಷೆ ಆಯಿತು, ರಾಜಕುಮಾರರಿಗೆ ಆಮೇಲೆ. ಸಂಘದಲ್ಲಿ ಮೊದಲು ಬಂದವನು ಹಿರಿಯ. ಹಾಗಾಗಿ ರಾಜಕುಮಾರರು ಕ್ಷೌರಿಕನಿಗೆ ಬಾಗಿ ನಮಸ್ಕಾರ ಮಾಡಬೇಕಾಯಿತು. ಜಾತಿ ಗೊತ್ತಿಲ್ಲ ಅಂತ ನಟಿಸಲಿಲ್ಲ, ಗೊತ್ತಿದ್ದೇ ಅದರ ಸೊಕ್ಕನ್ನು ಮುರಿದರು. ನಮ್ಮ ಕನ್ನಡದ ಶರಣರೂ ಕಲ್ಯಾಣದಲ್ಲಿ ಮಡಿವಾಳ, ಅಂಬಿಗ, ಮಾದಾರ ಅನ್ನೋ ಕಸುಬಿನ ಹೆಸರನ್ನು ಮುಚ್ಚಿಡದೆ ಹೆಸರಿನ ಮುಂದೆಯೇ ಇಟ್ಟುಕೊಂಡು ಒಟ್ಟಿಗೆ ಕೂತರು. ಆದ್ದರಿಂದ ಫೋನಿನ ಗೆಳೆತನ ಫೋನಿನಲ್ಲೇ ನಿಲ್ಲಬಾರದು. ಅದು ಸಸಿಮಡಿ. ಸಸಿಮಡಿಯಲ್ಲೇ ಬಿಟ್ಟ ನಾಟಿ ತೆನೆ ಕಟ್ಟೋದಿಲ್ಲ, ಕಿತ್ತು ಗದ್ದೆಗೆ ನೆಡಬೇಕು. ಆ ಗದ್ದೆ ನಮ್ಮೂರು.

ಅದಕ್ಕೇ ಮೂರನೇ ದೂರನ್ನು ನಾನು ಅಲ್ಲಗಳೆಯೋದಿಲ್ಲ. ಹೌದು, ಓದುಮನೆಯಲ್ಲಿ ಜಾಗ ಬೇಕು ಅಂತ ಕೇಳಿದೀನಿ. ಮತ್ತೆ ಕೇಳ್ತೀನಿ. ಸಮಿತಿಯವರು ಹೇಳೋದು, ಓದುಮನೆ ಪೇಪರು ಓದುವವರಿಗೆ, ಪರೀಕ್ಷೆಗೆ ಓದೋ ಹುಡುಗರಿಗೆ, ಇಲ್ಲಿ ಧರ್ಮದ ವಿಚಾರ ಬೇಡ. ಮೇಷ್ಟ್ರುಗಳಲ್ಲೂ ಕೆಲವರು ಹಾಗೇ ಅಂತಾರೆ. ಅವರ ಭಯ ನನಗೆ ಅರ್ಥ ಆಗುತ್ತೆ. ಇವತ್ತು ಬುದ್ಧ ಬಂದರೆ ನಾಳೆ ಇನ್ನೊಂದು ದೇವರು, ನಾಡಿದ್ದು ಜಗಳ. ಆದರೆ ನಾನು ಕೇಳ್ತಾ ಇರೋದು ಪೂಜೆಗೆ ಜಾಗ ಅಲ್ಲ. ಪಟ ಬೇಡ, ಹೂವು ಬೇಡ, ಗಂಟೆ ಬೇಡ. ಒಂದು ಕಥೆ ಓದೋದು, ಹತ್ತು ನಿಮಿಷ ಸುಮ್ಮನಿರೋದು, ಮನಸ್ಸಿನಲ್ಲಿ ಇರೋದನ್ನು ಹೇಳೋದು, ಕೇಳೋದು. ಬುದ್ಧನ ಕಥೆಯೇ ಆಗಬೇಕು ಅಂತಿಲ್ಲ. ವಳ್ಳುವರ್ ತನ್ನಿ, ಸರ್ವಜ್ಞ ತನ್ನಿ, ಬೈಬಲ್ ತನ್ನಿ, ಕುರಾನ್ ತನ್ನಿ. ಓದೋಕೆ ಇರೋ ಮನೆಯಲ್ಲಿ ಓದಿದ್ದನ್ನು ಬದುಕಿಗೆ ತಾಳೆ ಹಾಕಿ ನೋಡಬಾರದು ಅನ್ನೋದಾದರೆ, ಅಷ್ಟು ಪುಸ್ತಕ ಕಪಾಟಿನಲ್ಲಿ ಯಾಕೆ?

ಇನ್ನೊಂದು ಮಾತು, ಇದು ಗಂಡಸರಿಗೆ. ನಿಮಗೆ ಅರಳಿಕಟ್ಟೆ ಇದೆ, ಟೀ ಅಂಗಡಿ ಇದೆ, ಗುಡಿಯ ಜಗಲಿ ಇದೆ. ಸಂಜೆ ಆದರೆ ಹೆಗಲ ಮೇಲೆ ಟವಲ್ ಹಾಕಿಕೊಂಡು ಹೊರಡ್ತೀರಿ. ಹೆಂಗಸರಿಗೆ ಈ ಊರಲ್ಲಿ ಕೂತು ಮಾತಾಡೋಕೆ ಯಾವ ಜಗಲಿ ಇದೆ? ಬಾವಿಕಟ್ಟೆ ಇತ್ತು, ನಲ್ಲಿ ಬಂದ ಮೇಲೆ ಅದೂ ಹೋಯಿತು. ಬೀಸೋಕಲ್ಲು ಇತ್ತು, ಗಿರಣಿ ಬಂದ ಮೇಲೆ ಅದರ ಪದವೂ ಹೋಯಿತು. ಒಳ್ಳೇದೇ, ಬೆನ್ನು ಉಳಿಯಿತು. ಆದರೆ ಮಾತಿಗೆ ಜಾಗ ಇಲ್ಲದೆ ಹೋಯಿತು. ಬುದ್ಧನ ಕಾಲದ ಭಿಕ್ಕುಣಿಯರು ಕಟ್ಟಿದ ಪದಗಳು 'ಥೇರೀಗಾಥಾ' ಅಂತ ಉಳಿದಿವೆ, 73 ಜನರ ಪದಗಳು. ಅದರಲ್ಲಿ ಮುತ್ತಾ ಅನ್ನೋ ಹೆಂಗಸು ಒರಳಿನಿಂದ, ಒನಕೆಯಿಂದ ಬಿಡುಗಡೆ ಆದೆ ಅಂತ ಹೇಳಿಕೊಂಡಿದಾಳೆ. ಮಸ್ಕತ್ತಿನ ನರ್ಸಮ್ಮ ಅದರ ಅರ್ಥ ಹೇಳಿದಾಗ ನಾನು ಬೆರಗಾದೆ. ನಮ್ಮಜ್ಜಿ ಒನಕೆ ಹಿಡಿದು ಹಾಡಿದ ಸಂಕಟವನ್ನೇ ಅವಳು ಅಷ್ಟು ಹಿಂದೆ ಹಾಡಿದಾಳೆ. ಅವಳ ಪದ ಉಳಿಯೋಕೆ ಕಾರಣ, ಅದನ್ನು ಕೇಳಿ ನೆನಪಿಟ್ಟುಕೊಂಡ ಗೆಳತಿಯರು ಇದ್ದರು. ನಮ್ಮಜ್ಜಿಯ ಪದ ಉಳಿಯಲಿಲ್ಲ, ಕೇಳಿ ಬರೆದಿಡುವವರು ಇರಲಿಲ್ಲ. ನನ್ನ ಫೋನು ಕಿತ್ತುಕೊಳ್ಳಿ ಅಂತ ನನ್ನ ಮಗನಿಗೆ ಬುದ್ಧಿ ಹೇಳಿದ ಹಿರಿಯರು ಇದನ್ನು ಯೋಚನೆ ಮಾಡಬೇಕು. ನನಗೆ ಜಗಲಿ ಕೊಡದವರು ನಾನು ಕಂಡುಕೊಂಡ ಜಗಲಿಯನ್ನು ಕೀಳೋಕೆ ಬರಬಾರದು.

ಮೇಷ್ಟ್ರುಗಳೇ, ಫೋನಿನಿಂದ ಮಕ್ಕಳು ಕೆಡ್ತಾ ಇದಾರೆ ಅಂತ ನೀವು ಹೇಳೋದು ನಿಜ. ಕುಡುಗೋಲಿನಿಂದ ಬೆರಳೂ ಕುಯ್ಯುತ್ತೆ, ಪೈರೂ ಕುಯ್ಯುತ್ತೆ. ಕುಡುಗೋಲನ್ನು ಅಟ್ಟಕ್ಕೆ ಎಸೆದು ಕೊಯ್ಲು ಮಾಡೋಕೆ ಆಗೋದಿಲ್ಲ, ಹಿಡಿಯೋ ಕೈಗೆ ಹದ ಕಲಿಸಬೇಕು. ಒಳ್ಳೆಯ ಗೆಳೆಯ ಯಾರು, ಕೆಟ್ಟ ಗೆಳೆಯ ಯಾರು ಅಂತ ಅಳೆಯೋ ಆ ಎಂಟು ಗುರುತನ್ನು ಮಕ್ಕಳಿಗೆ ಕಲಿಸಿ. ನಿಮ್ಮ ಫೋನಿನಲ್ಲಿರೋ ನೂರು ಜನರಲ್ಲಿ ನಿನ್ನ ಸಿಟ್ಟನ್ನು ಇಳಿಸುವವರು ಎಷ್ಟು, ಏರಿಸುವವರು ಎಷ್ಟು ಅಂತ ಒಂದು ಲೆಕ್ಕ ಮಾಡಿಸಿ. ಕಣಿವೆಯ ಕನ್ನಡ ಮಕ್ಕಳಿಗೆ ಅದೇ ಫೋನಿನಲ್ಲಿ ದಿನಕ್ಕೆ ಮೂರು ಕನ್ನಡ ಅಕ್ಷರ ಕಲಿಸಿ. ತಮಿಳು ಅವರಿಗೆ ಅನ್ನ ಕೊಡುತ್ತೆ, ಅದು ದೊಡ್ಡದು. ಕನ್ನಡ ಅವರ ಅಜ್ಜಿಯ ದನಿ ಕೊಡುತ್ತೆ, ಅದೂ ಬೇಕು.

ನನ್ನ ಬೇಡಿಕೆ ದೊಡ್ಡದಲ್ಲ. ತಿಂಗಳಿಗೆ ಒಂದು ಹುಣ್ಣಿಮೆ, ಸಂಜೆ ಏಳರಿಂದ ಎಂಟು, ಓದುಮನೆಯ ನಡುಮನೆ. ದೀಪದ ಖರ್ಚು ನಂದು. ಕೇರಿಯವರು, ಗೌಡರ ಬೀದಿಯವರು, ಸಾಬರು, ಕ್ರೈಸ್ತರು, ಹೆಂಗಸರು, ಗಂಡಸರು, ಎಲ್ಲರೂ ಒಂದೇ ಜಮಖಾನೆ ಮೇಲೆ ಕೂರಬೇಕು. ಬಂದವರಿಗೆಲ್ಲ ಒಂದೇ ಥರದ ಲೋಟದಲ್ಲಿ ಸುಕ್ಕು ಕಾಫಿ. ಯಾರೂ ಹೆಸರಿನ ಬಾಲ ಮುಚ್ಚಿಡಬೇಕಾಗಿಲ್ಲ, ಯಾರೂ ಬಾಲ ಅಲ್ಲಾಡಿಸಲೂ ಬಾರದು. ಇಷ್ಟಕ್ಕೆ ಒಪ್ಪಿದರೆ, ಭಾನುವಾರದ ಫೋನು ನನಗೆ ಬೇಕಾದರೂ ಇರಲಿ, ಬೇಡವಾದರೂ ಹೋಗಲಿ. ಒಪ್ಪದಿದ್ದರೆ ಕಾರಣವನ್ನು ಬರೆದು ಇದೇ ಪುಸ್ತಕದ ಮುಂದಿನ ಸಂಪುಟದಲ್ಲಿ ಅಚ್ಚು ಹಾಕಿಸಿ. ಆದರೆ ಓದುಮನೆಯ ನಿಯಮ, ಜಾಗದ ಅಡಚಣೆ ಅಂತ ಬರೀಬೇಡಿ. ನಿಜವಾದ ಕಾರಣ ಬರೆಯಿರಿ. ಒಂದೇ ಜಮಖಾನೆ ಮೇಲೆ ಕೂರೋಕೆ ಮನಸ್ಸಿಲ್ಲ ಅಂತ ಬರೆಯಿರಿ. ನನಗೀಗ ಕನ್ನಡ ಓದೋಕೆ ಬರುತ್ತೆ.